ಆಟ ಬರೆದು ಅನ್ನ ಗಳಿಸಬಹುದೇ?

‘ಓದೋದು ಬಿಟ್ಟು ಕಥೆ ಗೀಚ್ತಾ ಕೂತಿದ್ದಾನೆ’ ಎಂದು ಮಗನನ್ನು ಗದರುವ ಮುನ್ನ ಕೆನಡಾದ ಎಡ್ ಗ್ರೀನ್‌ವುಡ್ ಅವರ ಕಥೆ ಕೇಳಿ. 1960ರ ದಶಕದಲ್ಲಿ, ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ, ಅವರು ಕಾಲ್ಪನಿಕ ಲೋಕವೊಂದನ್ನು ಕಟ್ಟತೊಡಗಿದರು. ಅದಕ್ಕೆ ಊರು, ನದಿ, ಅರಸರು, ಮಾಂತ್ರಿಕರು ಎಲ್ಲವೂ ಸೇರುತ್ತಾ ಹೋದವು. ಬೆಳೆದು ಗ್ರಂಥಾಲಯದಲ್ಲಿ ನೌಕರಿಗೆ ಸೇರಿದರೂ ಆ ಹುಚ್ಚು ಬಿಡಲಿಲ್ಲ. 1979ರಲ್ಲಿ ಅಮೆರಿಕದ ‘ಡ್ರ್ಯಾಗನ್’ ಪತ್ರಿಕೆ ಅವರ ಬರಹ ಪ್ರಕಟಿಸಿತು. ಮುಂದೆ ಆ ಪತ್ರಿಕೆಯ ಒಡೆತನದ ಟಿಎಸ್‌ಆರ್ ಕಂಪನಿ ಅವರ ಲೋಕವನ್ನೇ ಕೊಂಡುಕೊಂಡು, 1987ರಲ್ಲಿ ‘ಫರ್ಗಾಟನ್ ರಿಯಲ್ಮ್ಸ್’ ಹೆಸರಿನಲ್ಲಿ ಹೊರತಂದಿತು. 2023ರಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿದ ‘ಬಾಲ್ಡರ್ಸ್ ಗೇಟ್ 3’ ಕಂಪ್ಯೂಟರ್ ಆಟ ನಡೆಯುವುದೂ ಅದೇ ಲೋಕದಲ್ಲಿ!

ಏನಿದು ಆಟ?

ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಸೂತ್ರಧಾರ, ಉಳಿದವರು ಒಂದೊಂದು ಪಾತ್ರ. ಸೂತ್ರಧಾರ ಸನ್ನಿವೇಶ ಹೇಳಿದರೆ, ಪಾತ್ರಧಾರಿಗಳು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಗೆಲುವೋ ಸೋಲೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ತಾಳಮದ್ದಳೆಯಂತೆ ಇಲ್ಲಿಯೂ ವೇಷವಿಲ್ಲ, ಮಾತೇ ಎಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಇಂಥ ಆಟಗಳಿಗೆ ನಾಂದಿ ಹಾಡಿತು. ಮೊದಲ ಬಾರಿಗೆ ಅಚ್ಚಾದದ್ದು ಕೇವಲ ಸಾವಿರ ಪ್ರತಿ.

ಆಟಕ್ಕೆ ನಿಯಮ ಬೇಕು, ಕಥಾಹಂದರ ಬೇಕು, ನಕ್ಷೆ ಬೇಕು. ಇವನ್ನೆಲ್ಲ ಬರೆದುಕೊಡುವವರಲ್ಲಿ ಅನೇಕರು ಕಂಪನಿಯ ನೌಕರರಲ್ಲ, ಫ್ರೀಲಾನ್ಸ್ ಬರಹಗಾರರು. ಬರೆದದ್ದನ್ನು ತಿದ್ದುವ ಸಂಪಾದಕರದೂ ಬಹುಪಾಲು ಇದೇ ಸ್ಥಿತಿ. ಈ ಸಂಪಾದಕರು ಕಾಗುಣಿತ ನೋಡಿ ಸುಮ್ಮನಾಗುವಂತಿಲ್ಲ. ಹತ್ತನೇ ಪುಟದ ನಿಯಮ ಐವತ್ತನೇ ಪುಟದ ನಿಯಮಕ್ಕೆ ಅಡ್ಡ ಬಂದರೆ ಆಟವೇ ನಿಂತುಹೋಗುತ್ತದೆ. ಬರೆದವರು ಆಟಗಾರರ ಮೇಜಿನ ಬಳಿ ನಿಂತು ವಿವರಿಸಲಾರರು. ಪುಟವೇ ಎಲ್ಲವನ್ನೂ ಹೇಳಬೇಕು.

ಪದಕ್ಕಿಷ್ಟು ಕಾಸು

ಸಂಭಾವನೆ ಸಾಮಾನ್ಯವಾಗಿ ಪದಗಳ ಲೆಕ್ಕದಲ್ಲಿ. ಪದಕ್ಕೆ ಐದು ಸೆಂಟ್ ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಪದಗಳಿಗೆ ಸಿಗುವುದು 500 ಡಾಲರ್. ಅದನ್ನು ಬರೆದು, ಆಡಿಸಿ ನೋಡಿ, ತಿದ್ದಿ ಕೊಡಲು ಒಂದೂವರೆ–ಎರಡು ತಿಂಗಳು ಹಿಡಿದರೆ? ಅಮೆರಿಕದಲ್ಲಿ ಅದರಿಂದ ಮನೆ ಬಾಡಿಗೆಯೂ ಹುಟ್ಟುವುದು ಕಷ್ಟ. ಪಿಂಚಣಿಯ ಮಾತಂತೂ ಇಲ್ಲ. ಗ್ರೀನ್‌ವುಡ್ ಅವರೂ ಬಹುಕಾಲ ಗ್ರಂಥಾಲಯದ ಕೆಲಸ ಬಿಡಲಿಲ್ಲ ಎಂಬುದನ್ನು ಮರೆಯಬಾರದು.

ಹಕ್ಕಿನ ಪ್ರಶ್ನೆ ಇನ್ನೂ ದೊಡ್ಡದು. ಎಷ್ಟೋ ಕರಾರುಗಳಲ್ಲಿ ಬರೆದದ್ದೆಲ್ಲ ಕಂಪನಿಯ ಸ್ವತ್ತು. ಮುಂದೆ ಅದು ಎಷ್ಟೇ ಗಳಿಸಿದರೂ ಬರೆದವರಿಗೆ ಪಾಲಿಲ್ಲ. ಇದಕ್ಕೆ ಬೇರೆ ದಾರಿಗಳೂ ತೆರೆದಿವೆ. 2000ನೇ ಇಸವಿಯಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಮುಕ್ತ ಪರವಾನಗಿ ನೀಡಿ, ತನ್ನ ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಪುಸ್ತಕ ಮಾಡಬಹುದು ಎಂದಿತು. 2016ರಲ್ಲಿ ಶುರುವಾದ ‘ಡಿಎಂಸ್ ಗಿಲ್ಡ್’ ಮಳಿಗೆಯಲ್ಲಿ ಮಾರಾಟದ ಅರ್ಧ ಹಣ ಬರೆದವರಿಗೆ. ಆದರೆ 2023ರ ಜನವರಿಯಲ್ಲಿ ಕಂಪನಿ ಆ ಪರವಾನಗಿಯನ್ನು ಬದಲಿಸಲು ಹೊರಟಾಗ, ಅದನ್ನೇ ನಂಬಿದ್ದವರ ಎದೆ ಝಲ್ಲೆಂದಿತು. ಆಟಗಾರರೂ ಬರಹಗಾರರೂ ಒಟ್ಟಾಗಿ ಪ್ರತಿಭಟಿಸಿದರು. ತಿಂಗಳು ಮುಗಿಯುವ ಮೊದಲೇ ಕಂಪನಿ ಹಿಂದೆ ಸರಿಯಿತು.

ಆಸಕ್ತರಿಗೆ ಕಿವಿಮಾತು

ಈ ಮಾರುಕಟ್ಟೆಯ ಮುಖ್ಯ ಭಾಷೆ ಇಂಗ್ಲಿಷ್. ಅದನ್ನು ಸ್ಪಷ್ಟವಾಗಿ, ಚಿಕ್ಕದಾಗಿ ಬರೆಯಲು ಕಲಿಯಿರಿ. ಮೊದಲು ಆಡಿ, ಗೆಳೆಯರನ್ನು ಆಡಿಸಿ. ಬಳಿಕ ನಾಲ್ಕೇ ಪುಟದ ಸಾಹಸವೊಂದನ್ನು ಬರೆದು, ನಿಮ್ಮನ್ನು ಬಲ್ಲದವರ ಕೈಗೆ ಕೊಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ. ಒಪ್ಪಿದ ದಿನಕ್ಕೆ, ಒಪ್ಪಿದಷ್ಟೇ ಪದಗಳಲ್ಲಿ ಬರಹ ಒಪ್ಪಿಸುವವರನ್ನು ಸಂಪಾದಕರು ಮತ್ತೆ ಕರೆಯುತ್ತಾರೆ. ಕರಾರಿಗೆ ಸಹಿ ಹಾಕುವ ಮುನ್ನ ಪೂರ್ತಿ ಓದಿ.

ತಂದೆ ತಾಯಂದಿರೇ, ಮಕ್ಕಳು ಇದನ್ನೇ ನಂಬಿ ಪದವಿ ಬಿಡುತ್ತೇವೆಂದರೆ ಖಂಡಿತ ತಡೆಯಿರಿ. ಆದರೆ ನೋಟ್‌ಬುಕ್ಕನ್ನು ಮಾತ್ರ ಕಸಿದುಕೊಳ್ಳಬೇಡಿ. ಅದರಲ್ಲಿ ರೂಢಿಯಾಗುವ ಸ್ಪಷ್ಟ ಬರವಣಿಗೆ ಯಾವ ಉದ್ಯೋಗಕ್ಕೂ ಬೇಕು.