ನೀತಿಗೊಂದು ಪೀರಿಯಡ್ ಬಂದ ಬಗೆ

ಕನ್ನಡ ನಾಡಿನ ಹಳೆಯ ಕೂಲಿಮಠಗಳಲ್ಲಿ ನೀತಿ ಎಂಬುದು ಬೇರೆಯೇ ಒಂದು ವಿಷಯವಾಗಿರಲಿಲ್ಲ. ಅಕ್ಷರ ತಿದ್ದಿ ಮುಗಿಸಿದ ಮಗು ಮುಂದೆ ಬಾಯಿಪಾಠ ಮಾಡುತ್ತಿದ್ದುದರಲ್ಲಿ ಬಹುಪಾಲು ನೀತಿಯೇ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿ ಮದ್ರಾಸಿಗೆ ಕಳಿಸಿದ ವರದಿ ಇದಕ್ಕೆ ಒಳ್ಳೆಯ ಸಾಕ್ಷಿ. ಆಗ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ರಾಮಾಯಣ, ಮಹಾಭಾರತ, ಭಾಗವತಗಳ ಜೊತೆಗೆ ಲಿಂಗಾಯತರ ಮಕ್ಕಳು ಚೆನ್ನಬಸವ ಪುರಾಣ, ಗಿರಿಜಾ ಕಲ್ಯಾಣಗಳನ್ನು ಓದುತ್ತಿದ್ದರು. ಕುಶಲಕರ್ಮಿಗಳ ಮಕ್ಕಳಿಗೆ ವಿಶ್ವಕರ್ಮ ಪುರಾಣವಿತ್ತು. ರಂಜನೆಗೆಂದು ಪಂಚತಂತ್ರವೂ ಬೇತಾಳ ಕಥೆಗಳೂ ಇದ್ದವು. ಹಳೆಯ ಕಾವ್ಯಭಾಷೆ ಮಕ್ಕಳಿಗೆ ಅರ್ಥವಾಗದೆ ಇದೆಲ್ಲ ಗಿಳಿಪಾಠವಾಗಿದೆ ಎಂದು ಕ್ಯಾಂಪ್‌ಬೆಲ್ ದೂರಿದ. ಆ ದೂರಿನಲ್ಲಿ ಸತ್ಯವಿತ್ತು. ಆದರೆ ಆ ವರದಿಯಲ್ಲಿ ನಾವು ಈಗ ಗಮನಿಸಬೇಕಾದದ್ದು ಬೇರೊಂದಿದೆ. ಯಾರ ಮಗು ಯಾವ ಪುಸ್ತಕ ಓದಬೇಕು ಎಂಬುದನ್ನು ಹುಟ್ಟೇ ತೀರ್ಮಾನಿಸುತ್ತಿತ್ತು. ಒಂದೊಂದು ಸಮುದಾಯಕ್ಕೆ ಒಂದೊಂದು ಪುರಾಣ ಇರುವಾಗ, ಶಾಲೆಯಲ್ಲಿ ಕಲಿಸಬೇಕಾದದ್ದು ಯಾರ ನೀತಿ ಎಂಬ ಪ್ರಶ್ನೆ ಏಳುವುದಕ್ಕೇ ಜಾಗವಿರಲಿಲ್ಲ.

ಆ ಪ್ರಶ್ನೆ ಎದ್ದದ್ದು ಎಲ್ಲರಿಗೂ ಒಂದೇ ಎಂದು ಹೇಳಿಕೊಂಡ ಸರ್ಕಾರಿ ಶಾಲೆ ಬಂದ ಮೇಲೆ. 1854ರ ವುಡ್ ನಿರೂಪ ಸರ್ಕಾರಿ ಶಾಲೆಗಳ ಪಾಠದಿಂದ ಧರ್ಮಬೋಧೆಯನ್ನು ಹೊರಗಿಟ್ಟಿತು. 1858ರ ರಾಣಿಯ ಘೋಷಣೆ, ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲವೆಂದು ಮಾತು ಕೊಟ್ಟಿತು. ಧರ್ಮ ಹೊರಗುಳಿದ ಮೇಲೆ ಖಾಲಿಯಾದ ಆ ಜಾಗವನ್ನು ಯಾವುದರಿಂದ ತುಂಬಬೇಕು ಎಂಬ ಚಿಂತೆ ಆಳುವವರನ್ನು ಹತ್ತಿತು. 1882ರ ಹಂಟರ್ ಆಯೋಗ ಇದಕ್ಕೊಂದು ಉಪಾಯ ಸೂಚಿಸಿತು: ಎಲ್ಲ ಧರ್ಮಗಳಿಗೂ ಒಪ್ಪುವ ಮೂಲತತ್ವಗಳ ಮೇಲೆ ನಿಂತ ಒಂದು ನೀತಿ ಪಠ್ಯಪುಸ್ತಕ, ಜೊತೆಗೆ ಕಾಲೇಜುಗಳಲ್ಲಿ ಮನುಷ್ಯನ ಹಾಗೂ ಪ್ರಜೆಯ ಕರ್ತವ್ಯಗಳ ಕುರಿತು ಉಪನ್ಯಾಸಗಳು. ಆಯೋಗದ ಸದಸ್ಯರೇ ಆಗಿದ್ದ ಕಾಶಿನಾಥ ತ್ರ್ಯಂಬಕ ತೆಲಂಗರು ಇದಕ್ಕೆ ಒಪ್ಪದೆ ಪ್ರತ್ಯೇಕ ಟಿಪ್ಪಣಿ ಬರೆದರು. ಪುಸ್ತಕದ ಯೋಜನೆ ಕೈಗೂಡಲಿಲ್ಲ. ಆದರೆ ನೀತಿಯನ್ನು ಒಂದು ವಿಷಯವಾಗಿ ಕತ್ತರಿಸಿ ತೆಗೆದು ಬೇರೆಯಾಗಿ ಕಲಿಸಬಹುದು ಎಂಬ ಆಲೋಚನೆ ಮಾತ್ರ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಇದೇ ಹಂಟರ್ ಆಯೋಗದ ಮುಂದೆ ಇನ್ನೊಂದು ಸಂಗತಿಯೂ ಇತ್ತು. ಅದರ ಬೇರು ನಮ್ಮ ಧಾರವಾಡದಲ್ಲಿದೆ. 1856ರ ಜೂನ್‌ನಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಹೋದ. ಶುಲ್ಕ ಕಟ್ಟಲು ಸಿದ್ಧನಿದ್ದರೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗದೆ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಜುಲೈ 21ರಂದು ಸರ್ಕಾರ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ತತ್ವದ ದೃಷ್ಟಿಯಿಂದ ನ್ಯಾಯ ಅರ್ಜಿದಾರನ ಕಡೆಗೇ ಇದೆ, ಆದರೆ ಒಬ್ಬನಿಗಾಗಿ ಬಾಗಿಲು ತೆರೆದರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿ 1858ರ ಏಪ್ರಿಲ್‌ನಲ್ಲಿ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಸ್ಪಷ್ಟಪಡಿಸಿತು. ಕಾಲು ಶತಮಾನ ಕಳೆದ ಮೇಲೆ ಹಂಟರ್ ಆಯೋಗ ಆ ತತ್ವವನ್ನು ಮತ್ತೆ ಎತ್ತಿ ಹಿಡಿಯಿತು, ಆದರೆ ಎಚ್ಚರಿಕೆಯಿಂದ ಜಾರಿ ಮಾಡಿ ಎಂದಿತು. ಎರಡು ಶಿಫಾರಸುಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ನೀತಿಯ ಪುಸ್ತಕ ಬರೆಸಲು ಉತ್ಸಾಹ, ನೀತಿಯ ಬಾಗಿಲು ತೆರೆಯಲು ಹಿಂಜರಿಕೆ. 1856ರಲ್ಲಿ ಆ ಶಾಲೆಯೊಳಗೆ ಕುಳಿತಿದ್ದ ಪ್ರತಿ ಮಗುವೂ ಮುಚ್ಚಿದ ಬಾಗಿಲಿನಿಂದ ಒಂದು ಪಾಠ ಕಲಿತಿತು. ಅದಕ್ಕೆ ಪಠ್ಯಪುಸ್ತಕ ಬೇಕಾಗಲಿಲ್ಲ. ನನ್ನ ವಾದವಿಷ್ಟೇ: ಶಾಲೆ ಮಕ್ಕಳನ್ನು ನಡೆಸಿಕೊಳ್ಳುವ ರೀತಿಯೇ ಶಾಲೆ ಕಲಿಸುವ ನೀತಿ, ಬೇರೆ ಪೀರಿಯಡ್ ಅನ್ನು ನಾವು ಪದೇ ಪದೇ ತಂದದ್ದು ಆ ಹೊಣೆಯಿಂದ ತಪ್ಪಿಸಿಕೊಳ್ಳುವ ಸುಲಭ ದಾರಿಯಾಗಿ.

ಸ್ವಾತಂತ್ರ್ಯದ ನಂತರ ಆಯೋಗಗಳು ಬದಲಾದರೂ ಹಾದಿ ಬದಲಾಗಲಿಲ್ಲ. ಸಂವಿಧಾನದ 28ನೇ ವಿಧಿ, ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸಿತು. ಅದಕ್ಕೂ ಮೊದಲೇ 1948-49ರ ರಾಧಾಕೃಷ್ಣನ್ ಆಯೋಗ ಕಾಲೇಜುಗಳಲ್ಲಿ ದಿನವೂ ಕೆಲವು ನಿಮಿಷಗಳ ಮೌನ ಧ್ಯಾನ, ಮೊದಲ ವರ್ಷ ಬುದ್ಧನಿಂದ ಗಾಂಧಿಯವರೆಗಿನ ಮಹಾಪುರುಷರ ಜೀವನ ಎಂದು ಯೋಜನೆ ಹಾಕಿತ್ತು. ಆಮೇಲೆ ಇದೇ ವಿಷಯಕ್ಕೆಂದು ಶ್ರೀಪ್ರಕಾಶ ಸಮಿತಿ ಬಂತು. 1964-66ರ ಕೊಠಾರಿ ಆಯೋಗ ವಾರಕ್ಕೆ ಒಂದೆರಡು ಪೀರಿಯಡ್‌ಗಳನ್ನು ಮೌಲ್ಯಗಳಿಗೆ ಮೀಸಲಿಡಬೇಕೆಂದಿತು. ಅಷ್ಟಕ್ಕೇ ನಿಲ್ಲದೆ, ಶಾಲೆಯ ಒಟ್ಟು ವಾತಾವರಣ, ಶಿಕ್ಷಕರ ನಡತೆ, ಎಲ್ಲ ವಿಷಯಗಳ ಪಾಠ ಇವೆಲ್ಲದರಲ್ಲೂ ಮೌಲ್ಯ ಬೆರೆತಿರಬೇಕೆಂದೂ ಹೇಳಿತು. ಎರಡು ಮಾತುಗಳಲ್ಲಿ ಮೊದಲನೆಯದು ಸುಲಭ, ವೇಳಾಪಟ್ಟಿಯಲ್ಲಿ ಒಂದು ಚೌಕ ಬರೆದರಾಯಿತು. ಎರಡನೆಯದಕ್ಕೆ ಶಾಲೆಯೇ ಬದಲಾಗಬೇಕು. ನಾವು ಚೌಕ ಬರೆದೆವು. ಅಂಕಗಳಿಲ್ಲದ ಆ ಪೀರಿಯಡ್ ಪರೀಕ್ಷೆ ಹತ್ತಿರವಾದಾಗ ಗಣಿತಕ್ಕೋ ವಿಜ್ಞಾನಕ್ಕೋ ಹೋಗುವುದನ್ನು ಶಾಲೆ ಬಲ್ಲವರೆಲ್ಲ ಬಲ್ಲರು. ಮುಂದೆ 1999ರಲ್ಲಿ ಎಸ್.ಬಿ. ಚವಾಣ್ ನೇತೃತ್ವದ ಸಂಸದೀಯ ಸಮಿತಿ ಸತ್ಯ, ಸದಾಚಾರ, ಶಾಂತಿ, ಪ್ರೀತಿ, ಅಹಿಂಸೆ ಎಂಬ ಐದು ಮೌಲ್ಯಗಳನ್ನು ಹೆಸರಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್, ಧರ್ಮಬೋಧೆ ಬೇರೆ, ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಬೇರೆ ಎಂದಿತು. 2022ರಲ್ಲಿ ಭಗವದ್ಗೀತೆಯನ್ನು ನೈತಿಕ ಶಿಕ್ಷಣದಲ್ಲಿ ಸೇರಿಸುವ ಚರ್ಚೆ ಕರ್ನಾಟಕದಲ್ಲೂ ಎದ್ದಿತು. ಯಾವ ಪುಸ್ತಕ ಎಂಬುದರ ಮೇಲೆಯೇ ಜಗಳ, ಹಂಟರ್ ಕಾಲದಲ್ಲಿ ಇದ್ದ ಹಾಗೆಯೇ.

ಪುಸ್ತಕದಿಂದ ನಡತೆ ಬದಲಾಗುತ್ತದೆಯೇ? ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ 1920ರ ದಶಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಸಾವಿರಾರು ಮಕ್ಕಳಿಗೆ ಮೋಸ ಮಾಡುವ, ಸುಳ್ಳು ಹೇಳುವ ಅವಕಾಶಗಳನ್ನು ಒದಗಿಸಿ ಅವರೇನು ಮಾಡುತ್ತಾರೆಂದು ದಾಖಲಿಸಿದರು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆ ಮೋಸ ಮಾಡಿತು. ನೀತಿಯ ತಿಳಿವಳಿಕೆಗೂ ನಡತೆಗೂ ಇದ್ದ ನಂಟು ತೀರಾ ತೆಳುವಾಗಿತ್ತು. ಹೆಚ್ಚು ಲೆಕ್ಕಕ್ಕೆ ಬಂದದ್ದು ಸನ್ನಿವೇಶ ಮತ್ತು ಜೊತೆಗಿದ್ದ ಗುಂಪು. ನಂತರದ ವಿದ್ವಾಂಸರು ಈ ತೀರ್ಮಾನವನ್ನು ಸ್ವಲ್ಪ ಸಡಿಲಿಸಿ, ಪ್ರಾಮಾಣಿಕತೆ ಒಂದಿಷ್ಟಾದರೂ ಸ್ಥಿರವಾದ ಗುಣ ಎಂದಿದ್ದಾರೆ, ಅದನ್ನು ಒಪ್ಪೋಣ. ಆದರೂ ಬೋಧನೆಯೊಂದರಿಂದಲೇ ನಡತೆ ಬರುತ್ತದೆಂಬ ನಂಬಿಕೆಗೆ ಬಿದ್ದ ಪೆಟ್ಟು ಹಾಗೆಯೇ ಉಳಿದಿದೆ.

ಹಾಗಾದರೆ ಕಥೆಗಳೇ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಕೊಟ್ಟ ಮಾತಿಗೆ ಮರಳಿ ಬಂದ ಪುಣ್ಯಕೋಟಿಯನ್ನು ಕನ್ನಡದ ಮಕ್ಕಳು ಕನ್ನಡ ಪಾಠದಲ್ಲೇ ಕಂಡವರು, ಹಾಡಿ ಅತ್ತವರು. ನೀತಿ ಪೀರಿಯಡ್ ಇಲ್ಲದೆಯೂ ಅದು ಎದೆಗೆ ಇಳಿದಿದೆ. ಕಥೆಯಿಂದ ನೀತಿಯನ್ನು ಹಿಂಡಿ ತೆಗೆದು ಕೊನೆಯಲ್ಲಿ ಒಂದು ಸಾಲಾಗಿ ಬರೆಸಿದಾಗಲೇ ಅದು ಸಾಯುವುದು. ಮನೆಯಲ್ಲಿ ಹೇಳುವವರಿಲ್ಲ, ತಂದೆತಾಯಿಗೆ ಬಿಡುವಿಲ್ಲ, ಮಕ್ಕಳ ಕೈಗೆ ಮೊಬೈಲ್ ಬಂದಿದೆ, ಆದ್ದರಿಂದ ಶಾಲೆಯಾದರೂ ಹೇಳಲಿ ಎಂಬ ಇನ್ನೊಂದು ಮಾತಿದೆ. ಇದು ನಿಜವಾದ ಕಳವಳ, ತಳ್ಳಿಹಾಕುವಂಥದ್ದಲ್ಲ. ಆದರೆ ಶಾಲೆಯ ಮೇಲೆ ಅಷ್ಟು ಭಾರ ಇದೆಯೆಂದಾದರೆ, ಶಾಲೆಯ ನಡೆಯನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕಾಗುತ್ತದೆ. 2023ರ ಸೆಪ್ಟೆಂಬರ್ 15ರಂದು ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಲಾಯಿತು. ಅದಾಗಿ ಮೂರು ತಿಂಗಳಿಗೆ, ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳನ್ನು ಮಲಗುಂಡಿ ಸ್ವಚ್ಛ ಮಾಡಲು ಹಚ್ಚಿದ ಪ್ರಕರಣ ಬಯಲಾಯಿತು. ಆ ಮಕ್ಕಳು ಈ ಎರಡರಲ್ಲಿ ಯಾವುದನ್ನು ನೀತಿಯೆಂದು ನಂಬಬೇಕು?

ನಿಜವಾಗಿ ನೀತಿ ಕಲಿಸಿದ ಸುಧಾರಣೆಗಳು ನೀತಿಯ ಹೆಸರಿನಲ್ಲಿ ಬಂದವಲ್ಲ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಶುರುವಾಯಿತು. 2004ರಲ್ಲಿ ಅದೇ ನ್ಯಾಯಾಲಯ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದಿತು. ಹಸಿವು ನೀಗಿಸಲು ಬಂದ ಯೋಜನೆ ಸಹಪಂಕ್ತಿಯನ್ನು ಕಲಿಸಿತು. ಕೆಲವು ಊರುಗಳಲ್ಲಿ ಮೇಲ್ಜಾತಿಯವರು ಮಕ್ಕಳನ್ನು ಆ ಊಟದಿಂದ ಬಿಡಿಸಿದ್ದೂ ಉಂಟು, ಅಂದರೆ ಪಾಠ ತಾಗಬೇಕಾದ ಜಾಗಕ್ಕೇ ತಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತು. ಅಹಿಂಸೆಯ ಬಗ್ಗೆ ಹತ್ತು ಪಾಠ ಬರೆಯುವುದಕ್ಕಿಂತ ಬೆತ್ತ ಕೆಳಗಿಡಿಸುವುದು ಕಷ್ಟ. ಮಗು ನೋಡುವುದು ಮಾತ್ರ ಆ ಬೆತ್ತವನ್ನೇ.

ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವ ಪೋಷಕರು ಮುಂದಿನ ಸಭೆಗೆ ಹೋದಾಗ ನೀತಿ ಪಾಠಕ್ಕೆ ಎಷ್ಟು ಪೀರಿಯಡ್ ಇದೆ ಎಂದು ಕೇಳುವ ಬದಲು ಬೇರೆ ಪ್ರಶ್ನೆಗಳನ್ನು ಕೇಳಲಿ. ಊಟಕ್ಕೆ ಮಕ್ಕಳು ಹೇಗೆ ಕೂರುತ್ತಾರೆ? ಶೌಚಾಲಯ ಯಾರು ತೊಳೆಯುತ್ತಾರೆ? ತಪ್ಪು ಉತ್ತರ ಹೇಳಿದ ಮಗುವಿಗೆ ತರಗತಿಯಲ್ಲಿ ಏನಾಗುತ್ತದೆ? ಉತ್ತರ ಸಿಗುವವರೆಗೆ ದಯವಿಟ್ಟು ಸಭೆ ಬಿಟ್ಟು ಏಳಬೇಡಿ.