ಅಧ್ಯಾಯ 4: ಗೋಡೆ ಹಿಡಿದು ಹೋಗುವ ರೋಬೊ

ಗೋಡೆಯಿಂದ ಒಂದೇ ಅಂತರ ಕಾಯ್ದುಕೊಂಡು ಸಾಗುವ ಪುಟ್ಟ ಗಾಡಿಗೆ ಬೇಕಾದ ಕಣ್ಣು ಎರಡೇ ಬಿಡಿಭಾಗಗಳದ್ದು. ಅತಿಗೆಂಪು ಬೆಳಕು ಚೆಲ್ಲುವ ಐಆರ್ ಎಲ್‌ಇಡಿ ಒಂದು, ಮರಳಿ ಬಂದ ಬೆಳಕಿಗೆ ತಕ್ಕಷ್ಟು ಕರೆಂಟ್ ಹರಿಯಬಿಡುವ ಫೋಟೊಟ್ರಾನ್ಸಿಸ್ಟರ್ ಇನ್ನೊಂದು. ಎಲ್‌ಇಡಿಯ ತರಂಗಾಂತರ ಸಾಮಾನ್ಯವಾಗಿ 940 ನ್ಯಾನೊಮೀಟರ್. ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಬಹುಮಟ್ಟಿಗೆ ಬೀಳುತ್ತದೆ. ಉರಿಯುತ್ತಿದೆಯೋ ಇಲ್ಲವೋ ನೋಡಲು ಅಷ್ಟು ಸಾಕು. 5 ವೋಲ್ಟಿಗೆ 220 ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 17 ಮಿಲಿಆಂಪಿಯರ್ ಹರಿಯುತ್ತದೆ.

ಇಲ್ಲಿವರೆಗೆ ಯಾರೂ ಎಡವುವುದಿಲ್ಲ. ಎಡವುವುದು, ಈ ಸೆನ್ಸರ್ ದೂರ ಅಳೆಯುತ್ತದೆ ಎಂದು ನಂಬಿದಾಗ. ಅದಕ್ಕೆ ಗೊತ್ತಾಗುವುದು ಎಷ್ಟು ಬೆಳಕು ಮರಳಿತು ಎಂಬುದೊಂದೇ. ಕಲಬುರಗಿಯ ಜೇವರ್ಗಿ ಕಾಲೋನಿಯ ಯಾವುದಾದರೂ ಓಣಿಯಲ್ಲಿ ಕಾಂಪೌಂಡ್ ಪಕ್ಕ ಗಾಡಿ ಓಡಿಸುತ್ತೀರಿ ಎನ್ನಿ. ಬಿಳಿ ಬಣ್ಣದ ಗೋಡೆ ಮುಗಿದು ಬೂದುಬಣ್ಣದ ಶಹಾಬಾದ್ ಕಲ್ಲು ಶುರುವಾದ ಕಡೆ ಗಾಡಿ ಏಕಾಏಕಿ ಗೋಡೆಯತ್ತ ವಾಲುತ್ತದೆ. ಮೋಟಾರು ಕೆಟ್ಟಿಲ್ಲ, ಪ್ರೋಗ್ರಾಮೂ ತಪ್ಪಿಲ್ಲ. ಎದುರಿನ ಗೋಡೆ ಅಗಲವಾಗಿದ್ದರೆ ದೂರ ಇಮ್ಮಡಿಯಾದಾಗ ಮರಳುವ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬಿಳಿ ಗೋಡೆಯ ಕಾಲು ಭಾಗದಷ್ಟು ಬೆಳಕನ್ನು ಮಾತ್ರ ಮರಳಿಸುವ ಮೇಲ್ಮೈ 10 ಸೆಂಟಿಮೀಟರ್ ದೂರದಲ್ಲಿದ್ದರೂ, ಗಾಡಿ ಅದನ್ನು 20 ಸೆಂಟಿಮೀಟರ್ ಆಚೆಯ ಬಿಳಿ ಗೋಡೆ ಎಂದೇ ತಿಳಿಯುತ್ತದೆ. ದೂರವಾಯಿತೆಂದು ಹತ್ತಿರ ಸರಿಯುತ್ತದೆ.

ಇದು ಹಳೆಯ ಕಾಟ. ಜಟಿಲ ದಾರಿ ಹುಡುಕುವ ಮೈಕ್ರೊಮೌಸ್ ಸ್ಪರ್ಧೆಯ ಚೌಕಗಳು 18 ಸೆಂಟಿಮೀಟರಿನವು, ಗೋಡೆಯ ಎತ್ತರ 5. ಗೋಡೆಯ ಪಕ್ಕಗಳಿಗೆ ಬಿಳಿ, ನೆತ್ತಿಗೆ ಕೆಂಪು ಬಣ್ಣ ಎಂದು ನಿಯಮದಲ್ಲೇ ಬರೆದಿಟ್ಟಿದ್ದಾರೆ. 1979ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ಸ್ಪರ್ಧೆಯಲ್ಲಿ ಬುದ್ಧಿವಂತ ರೋಬೊ ಇಲಿಗಳನ್ನು ಹಿಂದೆ ಹಾಕಿದ್ದು ಬರೀ ಗೋಡೆ ಹಿಡಿದು ಓಡುವ ಇಲಿ! ಮರುವರ್ಷ ಲಂಡನ್ನಿನಲ್ಲಿ ಸಂಘಟಕ ಜಾನ್ ಬಿಲ್ಲಿಂಗ್ಸ್‌ಲಿ ಗುರಿಯನ್ನು ನಡುಮಧ್ಯಕ್ಕೆ ತಂದು ಇಂಥ ಇಲಿಗಳ ಆಟ ಮುಗಿಸಿದರು.

ನಮ್ಮೂರಿನ ಗೋಡೆಗೆ ನಿಯಮವಿಲ್ಲ. ಕಣ್ಣಿಗೆ ಕಂಡ ಬಣ್ಣವನ್ನೂ ನಂಬುವಂತಿಲ್ಲ. ಕಪ್ಪು ಬಟ್ಟೆ ಎಷ್ಟೋ ಸಲ ಐಆರ್‌ನಲ್ಲಿ ಬೆಳ್ಳಗಿರುತ್ತದೆ. ಇಂಗಾಲದ ಮಸಿ ಬೆರೆತ ಕಪ್ಪು ಮಾತ್ರ ನಿಜಕ್ಕೂ ಬೆಳಕು ನುಂಗುತ್ತದೆ. ಹಸಿರೆಲೆಯಂತೂ ಸೋಜಿಗ. ಕಮಲಾಪುರದ ಬಾಳೆತೋಟದ ಒಂದು ಎಲೆ ತಂದು ಸೆನ್ಸರ್ ಎದುರು ಹಿಡಿಯಿರಿ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ, ಅದರಾಚೆಯ ಐಆರ್ ಅನ್ನು ಎಲೆ ಧಾರಾಳವಾಗಿ ಹಿಂದಕ್ಕೆ ಎಸೆಯುತ್ತದೆ. 1988ರಲ್ಲಿ ಕಕ್ಷೆ ಸೇರಿದ ಇಸ್ರೊದ ಐಆರ್‌ಎಸ್-1ಎ ಉಪಗ್ರಹ ಬೆಳೆಗಳನ್ನು ಗುರುತಿಸಲು ನೆಚ್ಚಿಕೊಂಡಿದ್ದೂ ಇದೇ ಗುಣವನ್ನು.

ಇನ್ನು ಬಿಸಿಲು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಐಆರ್ ಬೇಕಾದಷ್ಟಿದೆ, ನಮ್ಮ ಎಲ್‌ಇಡಿಯ ಪಾಲು ಅದರಲ್ಲಿ ಮುಳುಗಿಹೋಗುತ್ತದೆ. ಉಪಾಯ ಬಲು ಚೆಂದದ್ದು: ಎಲ್‌ಇಡಿ ಆರಿಸಿ ಒಮ್ಮೆ ಓದಿ, ಬೆಳಗಿಸಿ ಇನ್ನೊಮ್ಮೆ ಓದಿ, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಬಿಸಿಲು ಎರಡೂ ಓದುಗಳಲ್ಲಿ ಇದ್ದೇ ಇರುವುದರಿಂದ ವಜಾ ಆಗುತ್ತದೆ, ಉಳಿಯುವುದು ನಮ್ಮದೇ ಬೆಳಕು. ಎರಡು ಓದುಗಳೂ ಬೆನ್ನುಬೆನ್ನಿಗೆ ಆಗಬೇಕು. ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಗಾಡಿ ನಡೆಸುವ ಆರ್ಡುಯಿನೊ ಉನೊ ಬೋರ್ಡಿಗೆ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು, ಆದ್ದರಿಂದ ತಡಮಾಡದಿದ್ದರೆ ಮಿನುಗೂ ಬಾಧಿಸದು.

ಇಷ್ಟು ಮಾಡಿಯೂ ಬಯಲಿಗೆ ಬಂದೊಡನೆ ಗಾಡಿ ಗೋಡೆಗೆ ಗುದ್ದುವುದುಂಟು. ಕಾರಣ ರೆಸಿಸ್ಟರಿನಲ್ಲಿದೆ. ಫೋಟೊಟ್ರಾನ್ಸಿಸ್ಟರಿಗೆ 10 ಕಿಲೊಓಮ್ ಜೋಡಿಸಿದ್ದರೆ 0.5 ಮಿಲಿಆಂಪಿಯರ್ ಹರಿಯುವಷ್ಟರಲ್ಲೇ ಇದ್ದ 5 ವೋಲ್ಟೂ ಅದರ ಮೇಲೆ ಮುಗಿದುಹೋಗುತ್ತದೆ. ಬಿಸಿಲೊಂದೇ ಅಷ್ಟು ಕರೆಂಟ್ ಹರಿಸಿಬಿಟ್ಟರೆ ಎಲ್‌ಇಡಿ ಬೆಳಗಿದರೂ ಓದು ಮೇಲೇರಲು ಜಾಗವಿಲ್ಲ. ಕಳೆದಾಗ ಸೊನ್ನೆ. ಸೊನ್ನೆ ಎಂದರೆ ಗೋಡೆಯೇ ಇಲ್ಲ ಎಂದು ಗಾಡಿ ಅರ್ಥಮಾಡಿಕೊಳ್ಳುತ್ತದೆ, ಹುಡುಕಿಕೊಂಡು ಹೋಗಿ ಗುದ್ದುತ್ತದೆ. 1 ಕಿಲೊಓಮ್ ಹಾಕಿದರೆ 5 ಮಿಲಿಆಂಪಿಯರ್ ತನಕ ಜಾಗ ಸಿಗುತ್ತದೆ, ಆದರೆ ನಮ್ಮ ಬೆಳಕಿನ ಗುರುತೂ ಹತ್ತನೇ ಒಂದಕ್ಕೆ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ಎಲ್‌ಇಡಿಗೆ 33 ಓಮ್ ಹಾಕಿ, ಟ್ರಾನ್ಸಿಸ್ಟರ್ ಮೂಲಕ ಸುಮಾರು 100 ಮಿಲಿಆಂಪಿಯರನ್ನು ಓದುವ ಕ್ಷಣದಲ್ಲಷ್ಟೇ ಹರಿಸಿ. ಉರಿಸಿಟ್ಟರೆ ಎಲ್‌ಇಡಿ ಸುಡುತ್ತದೆ. ಫೋಟೊಟ್ರಾನ್ಸಿಸ್ಟರಿಗೆ ಕಪ್ಪು ಕೊಳವೆಯ ಮುಸುಕೂ ಇರಲಿ.

ಬಣ್ಣದ ಗೋಳೇ ಬೇಡ ಎನ್ನುವವರಿಗೆ ಶಾರ್ಪ್ ಕಂಪನಿಯ ಜಿಪಿ2ವೈ0ಎ21 ಇದೆ. ಬೆಳಕು ಎಷ್ಟು ಬಂತು ಎನ್ನುವುದಕ್ಕಿಂತ ಯಾವ ಕೋನದಿಂದ ಬಂತು ಎಂದು ನೋಡುವುದರಿಂದ ಬಣ್ಣ ಅದನ್ನು ಅಷ್ಟಾಗಿ ಕಾಡದು. 10ರಿಂದ 80 ಸೆಂಟಿಮೀಟರ್ ತನಕ ನಂಬಬಹುದು. ಅದಕ್ಕಿಂತ ತೀರ ಹತ್ತಿರವಾದರೆ ವೋಲ್ಟೇಜ್ ತಿರುಗಿ ಇಳಿದು, ಮೂಗಿಗೆ ತಾಗುವ ಗೋಡೆಯೂ ದೂರದ್ದೆಂದೇ ತೋರುತ್ತದೆ. ಬಲಗಡೆ ನೋಡುವ ಸೆನ್ಸರನ್ನು ಗಾಡಿಯ ಎಡ ಅಂಚಿಗೆ ಕೂರಿಸಿ. ಗಾಡಿಯ ಅಗಲವೇ ಆ 10 ಸೆಂಟಿಮೀಟರ್ ಕಾಯ್ದುಕೊಡುತ್ತದೆ.

ಆದರೂ ಮೊದಲು ಬಿಡಿಭಾಗಗಳಿಂದಲೇ ಕಟ್ಟಿ ನೋಡಿ ಎನ್ನುವುದು ನನ್ನ ಹಟ. ಬಿಳಿ ಗೋಡೆ, ಶಹಾಬಾದ್ ಕಲ್ಲು, ಕಪ್ಪು ಅಂಗಿ, ಬಾಳೆಲೆ ಒಂದೊಂದರ ಎದುರೂ 5, 10, 20 ಸೆಂಟಿಮೀಟರಿಗೆ ಓದು ಬರೆದುಕೊಂಡು ಗ್ರಾಫ್ ಎಳೆಯಿರಿ. ಆಮೇಲೆ ಲಾಕ್-ಇನ್ ಆಂಪ್ಲಿಫೈಯರ್ ಬಗ್ಗೆ ಹುಡುಕಿ ಓದಿ. ಗದ್ದಲದಲ್ಲಿ ಹೂತುಹೋದ ಕ್ಷೀಣ ಸಂಕೇತವನ್ನು ಹೆಕ್ಕಿ ತೆಗೆಯುವ ಆ ಪ್ರಯೋಗಾಲಯದ ಯಂತ್ರ ಮಾಡುವುದೂ, ನೀವು ಈಗಷ್ಟೇ ಮಾಡಿದ ಆರಿಸಿ-ಬೆಳಗಿಸಿ-ಕಳೆಯುವ ಲೆಕ್ಕವನ್ನೇ, ಸಾವಿರಾರು ಸಲ.