ಭೀಮಾ ತೀರದ ಶಿಲ್ಪಗಳು: ಕನಗನಹಳ್ಳಿ ಸ್ತೂಪ ಹಾಗೂ ಸುತ್ತಲಿನ ಜಮೀನು

ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜನ್ನು ದಾಟಿದ ಭೀಮಾ ನದಿಯು ಜೇವರ್ಗಿ ಸೀಮೆಯ ಮೂಲಕ ಹರಿದು ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ತಲುಪುತ್ತದೆ. ಸನ್ನತಿಗೆ ಸಮೀಪದಲ್ಲಿ, ನದಿಯ ಎಡದಂಡೆಯ ಕನಗನಹಳ್ಳಿಯಲ್ಲಿ ಬೌದ್ಧ ಮಹಾಸ್ತೂಪದ ಅವಶೇಷಗಳಿವೆ. ಮಹಾನಗರಗಳಲ್ಲಿ ನದಿ ದಂಡೆಯ ಮೇಲೆ ಶಿಲ್ಪೋದ್ಯಾನಗಳನ್ನು ಹೊಸದಾಗಿ ನಿರ್ಮಿಸಲಾಗುತ್ತದೆ. ಇಲ್ಲಿಯಾದರೋ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಗಳು ಮಣ್ಣಿನಡಿಯಿಂದ ದೊರೆತಿವೆ.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1990ರ ದಶಕದಲ್ಲಿ ಇಲ್ಲಿ ಉತ್ಖನನವನ್ನು ಕೈಗೊಂಡಿತು. ಸುಣ್ಣಕಲ್ಲಿನ ಕೆತ್ತನೆಯ ಫಲಕಗಳು, ಸಾತವಾಹನ ಅರಸರ ಹೆಸರುಳ್ಳ ಚಿತ್ರಣಗಳು ಬೆಳಕಿಗೆ ಬಂದವು. ಇವುಗಳಲ್ಲಿ ಒಂದು ಫಲಕವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಅದರಲ್ಲಿ ರಾಣಿ ಹಾಗೂ ಪರಿಚಾರಿಕೆಯರೊಡನೆ ಅರಸನೊಬ್ಬನಿದ್ದು, ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಬರೆಯಲಾಗಿದೆ. ಅಶೋಕನ ಹೆಸರೇ ಇರುವ ಕಾರಣ, ಇದು ಯಾರ ಶಿಲ್ಪವೆಂಬ ಊಹೆಗೆ ಅವಕಾಶವಿಲ್ಲ.

ಇದಕ್ಕೂ ಮೊದಲು, 1980ರ ದಶಕದಲ್ಲಿ, ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ ಕುಸಿದಾಗ ಅಶೋಕನ ಶಾಸನಗಳುಳ್ಳ ಶಿಲೆ ಪತ್ತೆಯಾಯಿತು. ಅದನ್ನು ವಿಗ್ರಹದ ಪೀಠವಾಗಿ ಬಳಸಲಾಗಿತ್ತು. ವಿಗ್ರಹವನ್ನು ನಿಲ್ಲಿಸಲು ಕೊರೆದ ರಂಧ್ರದಿಂದ ಅಕ್ಷರಗಳ ಒಂದು ಭಾಗ ಶಾಶ್ವತವಾಗಿ ನಷ್ಟವಾಗಿದೆ. ಕೊರೆದವರಿಗೆ ಕಲ್ಲಿನ ಮಹತ್ವ ತಿಳಿದಿರಲಿಲ್ಲ. ಈಗ ಆ ಕಾರಣವನ್ನು ಹೇಳಲು ಬರುವುದಿಲ್ಲ.

ಆದುದರಿಂದ ಸುತ್ತಲಿನ ಗ್ರಾಮಗಳ ರೈತರು ಉಳುಮೆ ಅಥವಾ ಬಾವಿ ತೋಡುವಾಗ ಕೆತ್ತನೆಯ ಕಲ್ಲು, ನಾಣ್ಯ ಮುಂತಾದವು ಕಂಡುಬಂದಲ್ಲಿ, ಅವುಗಳನ್ನು ಹೊಸ್ತಿಲಿಗೋ ಕಟ್ಟೆಗೋ ಬಳಸದೆ, ತೊಳೆಯದೆ, ಇದ್ದ ಸ್ಥಳದಲ್ಲಿಯೇ ಬಿಟ್ಟು ತಹಶೀಲ್ದಾರರಿಗೆ ಅಥವಾ ಜಿಲ್ಲಾಧಿಕಾರಿಯವರಿಗೆ ತಿಳಿಸತಕ್ಕದ್ದು. ಕಲ್ಲು ದೊರೆತ ಜಾಗವೂ ಆಳವೂ ಗೊತ್ತಿಲ್ಲವಾದರೆ ಅದರ ಚರಿತ್ರೆ ಅರ್ಧ ಅಳಿದಂತೆಯೇ ಸರಿ.

ಕಟ್ಟಡ ಕಟ್ಟಬಯಸುವವರು ಮುಂಚಿತವಾಗಿ ಗಮನಿಸಬೇಕಾದ ಅಂಶವೊಂದಿದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ತಾಣದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶವಾಗಿದ್ದು, ಅಲ್ಲಿ ಖಾಸಗಿ ಹೊಸ ಕಟ್ಟಡಕ್ಕೆ ಅನುಮತಿಯಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗೆ ಮಾತ್ರ ಅರ್ಜಿ ಸಲ್ಲಿಸಬಹುದು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆದು ಕಟ್ಟಬಹುದು. ಗ್ರಾಮ ಪಂಚಾಯಿತಿಯ ಪರವಾನಗಿ ಈ ಅನುಮತಿಗೆ ಬದಲಿಯಾಗುವುದಿಲ್ಲ. ಅಡಿಪಾಯ ಹಾಕಿದ ನಂತರ ಅರ್ಜಿ ಹಿಡಿದು ಬರುವುದರಿಂದ ಅರ್ಜಿದಾರರಿಗೇ ನಷ್ಟ. ಮೊದಲು ತಮ್ಮ ಸರ್ವೆ ನಂಬರು ತಾಣದ ಎಲ್ಲೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅಳತೆ ಮಾಡಿಸಿಕೊಳ್ಳುವುದು ಸೂಕ್ತ.